ಸುಟ್ಟ ವಾಸನೆ

ಇಸ್ತ್ರಿಯಣ್ಣನಿಗೆ ಅಂದು ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತುವುದು, ಬೀದಿಯತ್ತ ಕತ್ತು ಚಾಚುವುದು, ಮತ್ತೆ ಅದೇ ಕಾಲರನ್ನು ಒತ್ತುವುದು. ಎದುರಿನ ಆಸ್ಪತ್ರೆಯ ಗೇಟಿನೊಳಗೆ ಶಾಮಿಯಾನ ಎದ್ದಿತ್ತು, ನೀಲಿ ವೃತ್ತದ ಬ್ಯಾನರು ಗಾಳಿಗೆ ಪಟಪಟ ಅನ್ನುತ್ತಿತ್ತು. ಸಕ್ಕರೆ ಕಾಯಿಲೆಯ ಜಾಗೃತಿ ದಿನ. ಬಂದು ಬೆರಳು ಚುಚ್ಚಿಸಿಕೊಳ್ಳುತ್ತೇನೆಂದು ತಮ್ಮ ಮಾತು ಕೊಟ್ಟಿದ್ದ. ಮಾತು ಕೊಡುವುದರಲ್ಲಿ ಅವನದು ಧಾರಾಳ ಕೈ.

"ಹಾಗೆ ತಿರುತಿರುಗಿ ನೋಡಿದ್ರೆ ಬಂದುಬಿಡ್ತಾನಾ? ಆ ಪ್ಯಾಂಟಿಗೆ ಎರಡೆರಡು ಗೆರೆ ಬಿದ್ದಿದೆ ನೋಡಿ" ಎಂದಳು ಹೆಂಡತಿ, ಮಡಿಸಿದ ಬಟ್ಟೆಗೆ ದಾರ ಕಟ್ಟುತ್ತಾ.

ಇದೇ ಶಾಮಿಯಾನವನ್ನು ಇಸ್ತ್ರಿಯಣ್ಣ ಎಷ್ಟೋ ವರ್ಷ ಗೇಲಿ ಮಾಡಿಕೊಂಡೇ ಕಳೆದಿದ್ದ. ಅಲ್ಲಿ ಓಡಾಡುವವರ ನೀಲಿ ಅಂಗಿಗಳಿಗೆ ಇಸ್ತ್ರಿ ಹಾಕಿಕೊಡುತ್ತಿದ್ದವನೂ ಅವನೇ. ಎದೆಯ ಮೇಲಿನ ವೃತ್ತಕ್ಕೆ ಕಾದ ಪೆಟ್ಟಿಗೆ ತಾಗಿದರೆ ಬಣ್ಣ ಕರಗೀತೆಂದು ಅಂಗಿಯನ್ನು ಒಳಮಗ್ಗುಲಿಗೆ ತಿರುವಿ ಒತ್ತುತ್ತಿದ್ದ. ಅಂಗಿಯ ಮೇಲೆ ಅಷ್ಟು ಜೋಪಾನ! ಆದರೆ ಬೀದಿ ದಾಟಿ ಬೆರಳು ಚಾಚಿದವನಲ್ಲ. "ಏನಮ್ಮಾ ಇದು, ಬಳೆ ಅಂಗಡಿ ಜಾಹೀರಾತಾ?" ಎಂದು ನರ್ಸಮ್ಮನನ್ನು ರೇಗಿಸುತ್ತಿದ್ದ.

ನರ್ಸಮ್ಮ ಬಿಟ್ಟುಕೊಡುವ ಪೈಕಿಯವಳಲ್ಲ. "ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರು ಹುಟ್ಟಿದ ದಿನ ಕಣಣ್ಣ ಇವತ್ತು. ಔಷಧಿಯೇನೋ ಸಿಕ್ತು. ಕಾಯಿಲೆ ಇರೋದೇ ಗೊತ್ತಿಲ್ಲದೋರಿಗೆ ಅದರಿಂದ ಏನು ಬಂತು? ರೋಗಿಗಳು ಹೆಚ್ಚುತ್ತಾನೇ ಹೋದ್ರು. ಅದಕ್ಕೇ ದೇಶದೇಶದೋರು ಸೇರಿ ಈ ದಿನ ಗೊತ್ತು ಮಾಡಿದ್ರು. ಈ ಕಾಯಿಲೆ ಕೂಗಿ ಹೇಳಿ ಬರಲ್ಲ. ಅದಕ್ಕೆ ನಾವು ಕೂಗ್ತೀವಿ."

"ಕೂಗಿ ಕೂಗಿ. ನಾನಂತೂ ಗುಂಡುಕಲ್ಲಿನ ಹಾಗಿದ್ದೀನಿ."

ಆ ಗುಂಡುಕಲ್ಲಿನ ಮಾತು ನೆನಪಾದರೆ ಈಗಲೂ ಅವನಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತದೆ. ಒಂದು ಮಧ್ಯಾಹ್ನ ಮೇಜಿನ ಮುಂದೆ ನಿಂತಿದ್ದಾಗ ಸುಟ್ಟ ವಾಸನೆ ಬಂತು. ಇಸ್ತ್ರಿಯವನ ಎದೆ ಧಸಕ್ಕೆನ್ನಲು ಇನ್ನೇನು ಬೇಕು? ಪೆಟ್ಟಿಗೆ ಎತ್ತಿಟ್ಟು ಮುಂದಿದ್ದ ರೇಷ್ಮೆಯನ್ನು ಬೆಳಕಿಗೆ ಹಿಡಿದ. ಒಂದು ಕಲೆಯೂ ಇಲ್ಲ. ಕಟ್ಟಿಟ್ಟ ಗಂಟುಗಳನ್ನೆಲ್ಲ ಬಿಚ್ಚಿ ಕೋಟು, ಸಮವಸ್ತ್ರ, ದಿಂಬಿನ ಚೀಲ ಎಲ್ಲ ಹರವಿದ. "ಯಾವುದೇ ಸುಟ್ಟಿದ್ದು? ಯಾರದ್ದೇ?" ಎಂದು ಹೆಂಡತಿಯ ಮೇಲೆ ಹಾರಾಡಿದ. ಅವಳು ಕೆಳಗೆ ನೋಡಿ ಕಿರುಚಿದಳು. ಪೆಟ್ಟಿಗೆಯಿಂದ ಸಿಡಿದ ಕೆಂಡ ಅವನ ಬರಿಗಾಲಿನ ಎರಡು ಬೆರಳುಗಳ ಸಂದಿಯಲ್ಲಿ ಕೂತು ಹೊಗೆಯಾಡುತ್ತಿತ್ತು. ಊರವರ ಬಟ್ಟೆಯನ್ನೆಲ್ಲ ಜಾಲಾಡಿದವನಿಗೆ ತನ್ನ ಕಾಲು ಉರಿಯುತ್ತಿರುವುದು ಗೊತ್ತೇ ಆಗಿರಲಿಲ್ಲ.

ವರ್ಷಗಟ್ಟಲೆ ಏರಿದ್ದ ಸಕ್ಕರೆ ಕಾಲಿನ ನರಗಳನ್ನು ತಿಂದುಹಾಕಿದೆ ಎಂದರು ಡಾಕ್ಟರು. ಆ ಎರಡು ಬೆರಳು ಹೋದವು, ಕಾಲು ಹೇಗೋ ಉಳಿಯಿತು. ಈಗ ಬೂಟು ಹಾಕಿ ನಿಲ್ಲುತ್ತಾನೆ. ಮಲಗುವ ಮುಂಚೆ ಹೆಂಡತಿ ಅವನ ಪಾದವನ್ನು ಗಿರಾಕಿಯ ರೇಷ್ಮೆಯ ಹಾಗೆ ಬೆಳಕಿಗೆ ತಿರುಗಿಸಿ ನೋಡುತ್ತಾಳೆ.

ತಮ್ಮನದೂ ಅದೇ ಕೆಲಸ, ಹಿಂದಿನ ಬೀದಿಯಲ್ಲಿ. ಅದೇ ಬರಿಗಾಲು. ಇತ್ತೀಚೆಗೆ ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ, ಗಳಿಗೆಗೊಮ್ಮೆ ಕೆಲಸ ಬಿಟ್ಟು ಹಿತ್ತಲಿಗೆ ಓಡುತ್ತಾನೆ, ಕೇಳಿದರೆ ಕೆಂಡದ ಕಾವು ಎನ್ನುತ್ತಾನೆ. ಇಸ್ತ್ರಿಯಣ್ಣನಿಗೆ ಭಯವಾಗಿತ್ತು. ತನ್ನ ಕಾಲು ಹೋಗುತ್ತದೆಂದಾಗಲೂ ಅವನಿಗೆ ಇಷ್ಟು ಭಯವಾಗಿರಲಿಲ್ಲ.

ಬಿಸಿಲು ಇಳಿಯಿತು. ಆಸ್ಪತ್ರೆಯವರು ಕುರ್ಚಿ ಒಂದರ ಮೇಲೊಂದು ಪೇರಿಸತೊಡಗಿದರು. ಇನ್ನು ತಡೆಯಲಾಗಲಿಲ್ಲ. "ನರ್ಸಮ್ಮಂಗೆ ಸ್ವಲ್ಪ ಇರೋಕೆ ಹೇಳು" ಎಂದು ಹೆಂಡತಿಗೆ ಕೂಗಿ, ಕುಂಟುತ್ತಲೇ ಹಿಂದಿನ ಬೀದಿಗೆ ನುಗ್ಗಿದ.

"ಬಂದ್ಯಾ ಅಣ್ಣ? ಈಗ ಹೊರಟಿದ್ದೆ ನೋಡು" ಎಂದ ತಮ್ಮ, ಪೆಟ್ಟಿಗೆಗೆ ಹೊಸ ಕೆಂಡ ತುಂಬುತ್ತಾ.

"ಹುಟ್ಟಿದಾಗಿಂದ ಹೊರಡ್ತಾನೇ ಇದ್ದೀಯ. ಅದನ್ನ ಅತ್ಲಾಗಿಡು. ಕೂತ್ಕೊಂಡು ಕಾಲು ಚಾಚು."

"ನಂಗೇನಾಗಿದೆ ಅಂತ ಅಣ್ಣ? ಗುಂಡುಕಲ್ಲು ನಾನು."

ನರ್ಸಮ್ಮ ತನ್ನ ಪಾದಕ್ಕೆ ನೈಲಾನ್ ಎಳೆ ಒತ್ತಿ ಸ್ಪರ್ಶದ ಪರೀಕ್ಷೆ ಮಾಡುತ್ತಿದ್ದುದು ಇಸ್ತ್ರಿಯಣ್ಣನಿಗೆ ನೆನಪಿತ್ತು. ಮೇಜಿನ ಮೇಲಿದ್ದ ಬಟ್ಟೆ ಬ್ರಷ್ಷಿನಿಂದ ಒಂದು ಬಿರುಸಾದ ಎಳೆ ಕಿತ್ತು, ತಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕಣ್ಣು ಮುಚ್ಕೋ. ನಾನು ಮುಟ್ಟಿದ ತಕ್ಷಣ ಹೂಂ ಅನ್ನಬೇಕು."

"ಕಚಗುಳಿ ಇಟ್ರೆ ಒದ್ದೇಬಿಡ್ತೀನಿ, ಆಮೇಲೆ ಅತ್ತಿಗೆ ಹತ್ರ ದೂರು ಹೇಳ್ಬಾರದು" ಎಂದು ತಮ್ಮ ಕಣ್ಣು ಮುಚ್ಚಿದ.

ಇಸ್ತ್ರಿಯಣ್ಣ ಹೆಬ್ಬೆರಳಿನ ಬುಡಕ್ಕೆ ಎಳೆಯನ್ನು ಒತ್ತಿದ. ಅದು ಬಾಗಿತು. ತಮ್ಮ ಸುಮ್ಮನಿದ್ದ. ಕಿರುಬೆರಳಿಗೆ ಒತ್ತಿದ. ಅಂಗಾಲಿನ ನಡುವೆ ಒತ್ತಿದ. ಇನ್ನೊಂದು ಪಾದ ಎತ್ತಿಕೊಂಡು ಅದಕ್ಕೂ ಒತ್ತಿದ.

"ಏನಣ್ಣಾ, ಕಾಯಿಸ್ತಾನೇ ಇದ್ದೀಯಲ್ಲ" ಎಂದ ತಮ್ಮ, ಕಣ್ಣು ಮುಚ್ಚಿಕೊಂಡೇ ನಗುತ್ತಾ. "ಬೇಗ ಶುರು ಮಾಡು. ಗಿರಾಕಿ ಬರೋ ಹೊತ್ತಾಯ್ತು."