ಟೊಪ್ಪಿಗೆಗಳ ಔತಣ

ಕೃಷ್ಣಾ ದಂಡೆಯ ನಮ್ಮ ಅಂಬಿಗರ ಕೇರಿಯಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನು. ಹೈದರಾಬಾದಿನ ಹೋಟೆಲಿನಲ್ಲಿ ತಟ್ಟೆ ತೊಳೆದು ಓದಿದವನು, ಹೇಳಿಕೊಳ್ಳಲು ನಾಚಿಕೆಯಿಲ್ಲ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಸುರಪುರದ ಹತ್ತಿರದ ನಮ್ಮೂರಿನ ಖಾಸಗಿ ಶಾಲೆಯಲ್ಲೇ ನೌಕರಿ ಸಿಕ್ಕಿತು. ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಬೇಕಾದವರು ಕಮಿಟಿಯ ಅಧ್ಯಕ್ಷರು, ಊರಿನ ಹಳೆಯ ಜಾಗೀರದಾರರು.

ಆಗ ನನ್ನ ಪ್ರೊಫೆಸರು ಹೈದರಾಬಾದಿನಿಂದ ಜೀಪಿನಲ್ಲಿ ಪ್ರೊಜೆಕ್ಟರು ಹೇರಿಕೊಂಡು ಬಂದರು. ಪರದೇಶದ ಮೂಕಿ ಚಿತ್ರ. ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಮಧ್ಯಾಹ್ನವೇ ಕತ್ತಲು ಮಾಡಿದೆವು. ಹಿಂದೆ ಕುರ್ಚಿಯ ಮೇಲೆ ಜಾಗೀರದಾರರು, ಮುಂದೆ ನೆಲದ ಮೇಲೆ ಊರು. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ನನ್ನದು. "ಕನಸಿನಂಥ ಚಿತ್ರ, ಜನ ಗಾಬರಿ ಆದಾರು, ನೋಡ್ಕೋ" ಎಂದಿದ್ದರು ಪ್ರೊಫೆಸರು.

ಚಿತ್ರದಲ್ಲಿ ದೊಡ್ಡ ಬಂಗಲೆ, ಔತಣ. ಬರುಬರುತ್ತ ಸಾಹೇಬರೆಲ್ಲ ಕರಗಿ ಹೋಗಿ, ಅವರ ಟೊಪ್ಪಿಗೆಗಳಷ್ಟೇ ಕುರ್ಚಿಯ ಮೇಲೆ ಉಳಿಯುತ್ತವೆ. ಆಳುಗಳಿಗೆ ಅದರ ಖಬರೇ ಇಲ್ಲ. ಟೊಪ್ಪಿಗೆಗೆ ಬಗ್ಗಿ ಸಲಾಂ ಹೊಡೆಯುತ್ತಾರೆ, ಬಡಿಸುತ್ತಾರೆ, ಅದರ ಅಂಚು ಒರೆಸುತ್ತಾರೆ.

ಗಾಬರಿಯಾದವರು ಒಬ್ಬರೂ ಇಲ್ಲ. ನಮ್ಮಲ್ಲಿ ಜಾಗೀರದಾರರಿಗೆ ಮದುವೆಗೆ ಬರಲು ಆಗದಿದ್ದರೆ ಅವರು ತಲೆಗೆ ಸುತ್ತುವ ರುಮಾಲು ಬರುತ್ತಿತ್ತು. ಅದಕ್ಕೆ ಗಾದಿ ಹಾಸಿ, ಎಲೆ ಬಡಿಸಿ, ಬೀಸಣಿಗೆ ಬೀಸಬೇಕು. ನನ್ನ ಅಕ್ಕನ ಮದುವೆಯಲ್ಲಿ ಬೀಸುತ್ತ ಕೂತವನು ಅಪ್ಪ. ಮಗಳ ಮೇಲೆ ಅಕ್ಕಿಕಾಳು ಹಾಕಲೂ ಅವನಿಗೆ ಏಳಲು ಆಗಲಿಲ್ಲ.

ಹಾಗಾಗಿ ಜನ ಇದನ್ನು ಯಾವುದೋ ದೇಶದ ಮದುವೆ ಎಂದೇ ನೋಡುತ್ತಿದ್ದರು.

"ಮಾಸ್ತರ್ರ, ಮದುಮಗ ಎಲ್ಲ್ಯಾನ್ರಿ?" ಮುಂದೆ ಕೂತಿದ್ದ ಮುದುಕಿಯೊಬ್ಬಳು ಕೇಳಿದಳು.

"ಮದುವಿ ಅಲ್ಲಬೇ ಯವ್ವಾ."

"ಮತ್ತ ರುಮಾಲ ಯಾಕ ಬಂದಾವ?"

ಹಿಂದೆ ಕುರ್ಚಿ ಕಿರುಗುಟ್ಟಿತು. ಜಾಗೀರದಾರರ ಕಾರಭಾರಿ ಕೂಗಿದ: "ಮಾಸ್ತರ, ಅದು ಬರೇ ಕನಸು ಅಂತ ಹೇಳಿಬಿಡ್ರಿ. ಮುಗೀತು."

ಹೇಳಿದ್ದರೆ ನೌಕರಿ ಕಾಯಂ. ನೆಲದ ಮೇಲೆ ಕೂತ ಅಪ್ಪ ನನ್ನನ್ನೇ ನೋಡುತ್ತಿದ್ದ.

"ಕನಸಲ್ರಿ. ಟೊಪ್ಪಿಗಿ ಒಳಗ ಮನಷ್ಯಾನ ಇಲ್ಲ, ಆದ್ರೂ ಸಲಾಂ ಹೊಡ್ಯಾಕತ್ತಾರ. ನೋಡಿ ನಗ್ರಿ ಅಂತ ಈ ಚಿತ್ರ ಮಾಡ್ಯಾರ" ಅಂದೆ.

ಮೊದಲು ಮುದುಕಿ ನಕ್ಕಳು, ಆಮೇಲೆ ನೆಲದ ಮೇಲಿದ್ದವರೆಲ್ಲ. ಅಪ್ಪ ಮಾತ್ರ ತುಟಿ ಬಿಗಿ ಹಿಡಿದಿದ್ದ.

ಒಂದು ಬೈಗುಳವಿಲ್ಲದೆ, ಬರೀ ಖಾಲಿ ಟೊಪ್ಪಿಗೆ ತೋರಿಸಿ ದೊಡ್ಡವರ ದೊಡ್ಡಸ್ತಿಕೆ ಬಿಚ್ಚಿಟ್ಟ ಆ ಚಿತ್ರ ಮಾಡಿದವನಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ನಮ್ಮೂರಿನ ಹೆಸರೇ ಕೇಳದವನು ನಮ್ಮೂರನ್ನು ಎಷ್ಟು ಚಂದ ಕಂಡಿದ್ದ!

ಮರುದಿನ ಬೆಳಿಗ್ಗೆ ಕಾರಭಾರಿ ಬಂದು "ಇನ್ನ ಸಾಲಿಗಿ ಬರಬ್ಯಾಡ್ರಿ" ಎಂದ. ಅಪ್ಪನಿಗೆ ಹೇಗೆ ಹೇಳಲಿ ಎಂದುಕೊಳ್ಳುತ್ತ ಮನೆಗೆ ಹೋದರೆ ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಒಗೆದ ಅಂಗಿ ತೊಟ್ಟು ಹೊರಟು ನಿಂತಿದ್ದ.

"ಆ ಚಿತ್ರ ಇವತ್ತ ಶಹಾಪುರದಾಗ ತೋರಸ್ತಾರಂತ. ನಡಿ."

"ನಿನ್ನಿ ನೋಡಿದ್ಯಲ್ಲಪಾ?"

"ನಿನ್ನಿ ಹಿಂದ ಅವರು ಕುಂತಿದ್ರಲೇ. ಬಾಯಿ ಬಿಟ್ಟು ನಗಾಕ ಆಗಲಿಲ್ಲ."