ಎರಡು ಚೀಟಿ ಜೋಡಿಸಿ ಓದುತ್ತಿದ್ದ ಚಾಚಾ

ಮೊನ್ನೆ ಸಿಂಧನೂರಿನ ನಮ್ಮ ಗೋದಾಮಿನ ಬಾಗಿಲು ತೆರೆದಾಗ, ಬಿತ್ತನೆ ಭತ್ತಕ್ಕೆ ಹಚ್ಚುವ ಔಷಧದ ಘಾಟು ಮೂಗಿಗೆ ಹೊಡೆಯಿತು. ಗೇಟು ಕಾಯುತ್ತಿದ್ದ ಚಾಚಾ ನೆನಪಾದರು... ಮಾಲು ಹೊರಹೋಗುವಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದವರು. ಚೀಲದ ಚೀಟಿಯಲ್ಲಿ ಒಳಗೇನಿದೆ ಎಂದಿರುತ್ತಿತ್ತು, ಲಾರಿಯ ಚೀಟಿಯಲ್ಲಿ ಎಲ್ಲಿಗೆ ಎಂದು. ಎರಡನ್ನೂ ತೊಡೆಯ ಮೇಲೆ ಜೋಡಿಸಿ ಓದದೆ ಅವರು ಗೇಟಿನ ಸರಪಳಿ ಇಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಸ್ಕಿಯ ಬೀಜದಂಗಡಿಗೆಂದು ಔಷಧ ಹಚ್ಚಿದ ಭತ್ತ ಹೇರಿದ್ದರು. ಮಧ್ಯಾಹ್ನ ಲಿಂಗಸೂಗೂರಿನ ಮಿಲ್ಲಿನವರು ಅಕ್ಕಿ ಮಾಡಲು ಭತ್ತ ಕೇಳಿದರು. ವ್ಯಾಪಾರ ಕುದುರಿದ ಹುಮ್ಮಸ್ಸಿನಲ್ಲಿ ನಾನು, ಅಂಗಳದ ಲಾರಿಯಲ್ಲಿರುವುದು ಉಣ್ಣುವ ಭತ್ತವೆಂದುಕೊಂಡು, ಅದರ ಚೀಟಿಯಲ್ಲಿ ಊರು ತಿದ್ದಿಬಿಟ್ಟೆ. ಚಾಚಾ ಲಾರಿ ತಡೆದರು.

“ಎರಡೂ ಚೀಟಿ ಬರೋಬ್ಬರಿ ಅದಾವಲ್ಲ, ಬಿಡು ಚಾಚಾ,” ಎಂದೆ.

“ಒಂದೊಂದ ನೋಡಿದ್ರ ಬರೋಬ್ಬರಿ ಅದಾವ್ರೀ ಸಾವ್ಕಾರ್ರ. ಜೋಡಿಸಿ ನೋಡ್ರಿ. ಬಿತ್ತೋ ಭತ್ತ ಮಿಲ್ಲಿಗೆ ಹೊಂಟೈತಿ. ಅಕ್ಕಿ ಮಾಡಿಸಿ ಮದ್ಲು ನಿಮ್ಮ ಬೀಗರಿಗೆ ಉಣ್ಣಾಕ ಹಾಕ್ತೀರೇನು?”

ಚೀಲ ಬಿಚ್ಚಿಸಿದೆ. ಕಾಳೆಲ್ಲ ಔಷಧದ ಗುಲಾಬಿ ಬಣ್ಣ. ಅದು ಹೊಟ್ಟೆಗೆ ಹೋದರೆ ವಿಷ. ಕೂಲಿಯಿಂದ ಶುರು ಮಾಡಿ ಗೋದಾಮು ಕಟ್ಟಿದವನು ನಾನು, ಚೌಕಾಸಿಯಲ್ಲಿ ಯಾರಿಗೂ ಸೋತವನಲ್ಲ. ಅಂದು ಗೇಟಿನಲ್ಲಿ ಸೋತು, ಚೀಟಿಯಲ್ಲಿ ಊರನ್ನು ಮತ್ತೆ ಮಸ್ಕಿ ಎಂದು ತಿದ್ದಿದೆ... ಚಾಚಾ ತಮ್ಮ ಚಹಾದಲ್ಲೇ ಅರ್ಧ ಬಸಿದುಕೊಟ್ಟರು. “ಕುಡೀರಿ. ಲಾರಿ ಇನ್ನಾ ಇಲ್ಲೇ ಐತಿ.”

ಈಗ ಗೋದಾಮಿಗೆ ಸಾಫ್ಟ್‌ವೇರ್ ಬರುತ್ತಿದೆ. ಅದನ್ನು ಮಾಡುತ್ತಿರುವ ಹೆಣ್ಣುಮಗಳು ಚೀಲದ ಪುಟಕ್ಕೆ ಒಂದು, ಲಾರಿಯ ಪುಟಕ್ಕೆ ಒಂದು, ತನ್ನ ಪುಟವನ್ನಷ್ಟೇ ನೋಡುವ ಕಾವಲು ಇಟ್ಟಿದ್ದಳು. ಪರೀಕ್ಷೆಗೆಂದು ನಾನು ನನ್ನ ಹಳೆಯ ತಪ್ಪನ್ನೇ ಮಾಡಿದೆ: ಬಿತ್ತನೆ ಭತ್ತ ಹೇರಿದ ಮೇಲೆ ಊರು ಬದಲಿಸಿ ಮಿಲ್ಲಿಗೆ ಎಂದು ಹಾಕಿದೆ. ಕಂಪ್ಯೂಟರ್ ತುಟಿ ಪಿಟಕ್ಕೆನ್ನದೆ ಒಪ್ಪಿತು. ಇಂಥದ್ದನ್ನು ಮಾಡಿಸುವವರಿಗೆ ನನ್ನ ಬುದ್ಧಿಮಾತು ಇಷ್ಟೇ: ಎರಡು ಚೀಟಿಗೆ ಸೇರಿದ ನಿಯಮವನ್ನು ಒಂದೇ ಚೀಟಿಯ ಕೈಗೆ ಕೊಡಬೇಡಿ. ಚೀಲ ಬದಲಾದರೂ ಸರಿ, ಲಾರಿ ಬದಲಾದರೂ ಸರಿ, ಎರಡನ್ನೂ ಕೂಡಿಸಿ ನೋಡುವ ಒಂದೇ ಗೇಟನ್ನು ದಾಟಿಯೇ ಹೋಗಬೇಕು.

ಆಕೆಗೆ ಚಾಚಾರ ಕಥೆ ಹೇಳಿದೆ. ಬರೆದುಕೊಂಡು, “ಅಣ್ಣಾರ, ಒಂದಿನ ಅವರನ್ನ ಕರಕೊಂಡ ಬರ್ರಿ. ಇಂಥವು ಇನ್ನ ಎಷ್ಟ ತಲ್ಯಾಗ ಇಟ್ಕೊಂಡಾರೋ, ಕೇಳೂಣು,” ಎಂದಳು.

ಚಾಚಾ ತೀರಿಕೊಂಡು ಮೂರು ವರ್ಷ. ಅವರು ಎಷ್ಟೋ ಲಾರಿ ತಡೆದಿದ್ದರು. ಸಿಡುಕುತ್ತ ಬೇರೆ ಲಾರಿ ಗೊತ್ತು ಮಾಡುತ್ತಿದ್ದೆನೇ ಹೊರತು, ಯಾಕೆಂದು ತಿಳಿದುಕೊಂಡದ್ದು ಆ ಒಂದು ಸಲ ಮಾತ್ರ...

“ಅವ್ರೀಗ ಇಲ್ಲ ತಂಗಿ. ನನಗ ಗೊತ್ತಿರೋದು ಅದೊಂದ,” ಎಂದೆ.