ಜಾತಿ ಹೇಳದ ರಿಪೋರ್ಟು

ಕನ್ಯೆ ನೋಡಲು ಹೋಗುವ ಮೊದಲು ನಾನು ಎಲ್ಲವನ್ನೂ ಕ್ರಮವಾಗಿ ಮುಗಿಸಿದ್ದೆ: ಕ್ಷೌರ, ಇಸ್ತ್ರಿ, ರಕ್ತಪರೀಕ್ಷೆ. ತೊಂಬತ್ತರ ದಶಕವದು. ಆಗಷ್ಟೇ ನನ್ನಿಂದ ದೂರವಾಗಿದ್ದ ಹೆಂಗಸು, ಗುಪ್ತಾಂಗದಲ್ಲಿ ಗುಳ್ಳೆ ತರುವ ಹರ್ಪಿಸ್ ತನಗಿದೆಯೆಂದು ತಿಳಿಸಿದ್ದಳು. ಮರುದಿನವೇ ಮಿರಜಿನ ದವಾಖಾನೆಗೆ ಓಡಿ ಮಾಡಿಸಿದ ಪರೀಕ್ಷೆ 'ಇಲ್ಲ' ಎಂದಿತು. ಮೂರು ತಿಂಗಳ ನಂತರದ್ದು 'ಇದೆ' ಎಂದಿತು.

"ಮೊದಲನೇದ್ದು ಭಾಳ ಲಗು ಮಾಡಿಸಿದ್ರಿ," ಎಂದರು ಡಾಕ್ಟರು. "ರಕ್ತದಾಗ ಕಾಣಾಕ ಟೈಮ್ ಬೇಕು. ಹರ್ಪಿಸ್‌ದಾಗ ಎರಡು ಜಾತಿ, ತುಟಿದೊಂದು, ಕೆಳಗಿಂದೊಂದು; ಈಗಿನ ರಿಪೋರ್ಟೂ ಯಾವ ಜಾತಿದಂತ ಹೇಳಂಗಿಲ್ಲ."

ಜಾತಿ ಕೇಳದೆ ನೀರನ್ನೂ ಕೊಡದ ನಮ್ಮ ಬಳಗದಲ್ಲಿ ಅಷ್ಟು ಉದಾರವಾದದ್ದು ಆ ಕಾಗದ ಒಂದೇ.

ಕನ್ಯೆಯ ಊರು ಶೇಡಬಾಳದಲ್ಲಿ ಹುಡುಗಿಗೂ ಅವಳ ಕಾಕಾನಿಗೂ, ನನಗೆ ಹರ್ಪಿಸ್ ಇರಬಹುದೆಂದು ಹೇಳಿದೆ. ಕಾಕಾ ನಕ್ಕರು. "ಸರ್ಪಸುತ್ತ ಏನ್ರಿ? ಕೆಮ್ಮಣ್ಣ ಹಚ್ರಿ, ಹೋಗ್ತೈತಿ."

ಜೊತೆಗೆ ಬಂದಿದ್ದ ನನ್ನ ಅಣ್ಣ ಕೂಡಲೇ ಕೆಮ್ಮಣ್ಣಿನ ಭಕ್ತನಾದ. "ಅವಲಕ್ಕಿ ತಿನ್ನಲೇ," ಎಂದು ಪಿಸುಗುಟ್ಟಿದ. ತಟ್ಟೆ ಮುಗಿಯುವವರೆಗೆ ಸುಮ್ಮನಿದ್ದರೆ ಮದುವೆ ಗಟ್ಟಿಯಾಗುತ್ತಿತ್ತು.

"ಸರ್ಪಸುತ್ತಲ್ಲರಿ," ಎಂದೆ. "ಹೆಣ್ಣಿನ ಸಂಗದಿಂದ ಬಂದಿರಬಹುದು. ಮದುವಿ ಆದ್ರ ಇವ್ರಿಗೂ ಹತ್ತಬಹುದು."

ಕಾಕಾ ತಟ್ಟೆ ಕೆಳಗಿಟ್ಟರು. ಹುಡುಗಿ ಮಾತ್ರ ಕೇಳಿದಳು: "ಮತ್ತೇನರ ಹೇಳೂದು ಐತೇನ್ರಿ?"

"ಮುಂಜಾನೆ ನಾಕಕ್ಕ ಏಳ್ತೀನಿ. ಮನ್ಯಾಗ ಎಲ್ಲಾರೂ ಏಳಬೇಕು."

"ಆ ರೋಗಕ್ಕ ಪರೀಕ್ಷಾ ಬ್ಯಾಡ ಬಿಡ್ರಿ, ಕಣ್ಣಿಗೇ ಕಾಣ್ತೈತಿ," ಎಂದಳು.

ಮುಂದಿನ ವಾರ ಡಾಕ್ಟರ ಮಾತನ್ನು ತಾನೇ ಕೇಳಬೇಕೆಂದು ಕಾಕಾನನ್ನು ಕರೆದುಕೊಂಡು ಮಿರಜಿಗೆ ಬಂದಳು. ಅರ್ಧ ಗಂಟೆ ಪ್ರಶ್ನೆ ಕೇಳಿದಳು. ಕೊನೆಗೆ ಹರ್ಪಿಸ್‌ಗೆ ಒಪ್ಪಿದಳು. ನಾಲ್ಕು ಗಂಟೆಗೆ ಒಪ್ಪಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಆರಕ್ಕೆ ಬೆಳಗಾಗುತ್ತದೆ.